ಮುಖಕ್ಕೆ ರಾಚುವ ನೀರು

ಗಾಳಿಪಟದ ಸೆಳೆತದಿಂದ ಹಲಗೆಯ ಮೇಲೆ ಕಡಲಿನಲ್ಲಿ ಜಾರುವ ಕೈಟ್‌ಬೋರ್ಡಿಂಗ್ ಎಂಬ ಆಟವನ್ನು ವಿದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಲಿಯುತ್ತಿದ್ದಾನೆ. “ಅಲೆಗಳು ಎದ್ದಾಗ ಉಪ್ಪುನೀರು ಕಣ್ಣಿಗೆ ರಾಚಿ ಮುಂದೇನೂ ಕಾಣುವುದಿಲ್ಲ, ಸರ್” ಎಂದು ಬರೆದಿದ್ದನು. “ಸಹಿಸಿಕೋ” ಎಂದು ಉತ್ತರಿಸಿದೆ. ಅನಂತರ ಚರಿತ್ರೆಯನ್ನು ಓದಿದಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು.

1903ರಲ್ಲಿ ಸ್ಯಾಮ್ಯುಯೆಲ್ ಕೋಡಿ ಎಂಬಾತ ಗಾಳಿಪಟ ಎಳೆಯುವ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ನೀರಿಗೆ ಬಿದ್ದರೂ ಮತ್ತೆ ಮೇಲೇರಬಲ್ಲ, ಗಾಳಿ ತುಂಬಿದ ಪಟಕ್ಕೆ 1984ರಲ್ಲಿ ಫ್ರಾನ್ಸಿನ ಲೆಗೆನ್ಯೂ ಸಹೋದರರು ಪೇಟೆಂಟ್ ಕೋರಿದರು. ಹೀಗೆ ಎಳೆಯುವ ಬಲವೇನೋ ಪಳಗಿತು. ಆದರೆ ಹಲಗೆ ನೀರಿನ ಮೇಲೆಯೇ ಇದ್ದುದರಿಂದ ಅಲೆ ಅಲೆಗೂ ಅಪ್ಪಳಿಸಿ ತುಂತುರು ಚಿಮ್ಮುತ್ತಲೇ ಇತ್ತು.

ಇದಕ್ಕೆ ಪರಿಹಾರದ ಬೀಜ ಬೇರೆಡೆ ಇತ್ತು. 1906ರಲ್ಲಿ ಇಟಲಿಯ ಎನ್ರಿಕೊ ಫೋರ್ಲಾನೀನಿ ಮಜ್ಜೋರೆ ಸರೋವರದಲ್ಲಿ ನೀರೊಳಗಿನ ರೆಕ್ಕೆಗಳ ದೋಣಿಯನ್ನು ಓಡಿಸಿದನು. ವೇಗ ಹೆಚ್ಚಿದಂತೆ ದೋಣಿಯ ಒಡಲೇ ನೀರಿನಿಂದ ಮೇಲೆದ್ದಿತು. ಇದೇ ಹೈಡ್ರೋಫಾಯಿಲ್ ಮುಂದೆ ಕೈಟ್‌ಬೋರ್ಡಿನ ಅಡಿಗೂ ಬಂದಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಮಾರ್ಸೇಯ ಕಡಲಿನಲ್ಲಿ ಸ್ಪರ್ಧಿಗಳು ಅಲೆಗಳ ಮೇಲೆ ತೇಲಿದಂತೆ ಸಾಗಿದರು. ಅಪ್ಪಳಿಸುವ ಹಲಗೆ ಮೇಲೆದ್ದರೆ ಎರಚುವ ನೀರೂ ಕಡಿಮೆಯಾಗುತ್ತದೆ.

ಅಂಥ ರೆಕ್ಕೆಯಿಲ್ಲದವರು ಮೊಣಕಾಲು ಬಾಗಿಸಿ, ಭಾರವನ್ನು ಹಿಂಗಾಲಿಗೆ ಕೊಟ್ಟು, ಹಲಗೆಯ ಮೂತಿಯನ್ನು ತುಸು ಎತ್ತಬೇಕು. ಗಾಳಿಗೆ ಎದುರೇರುವ ಕೋನವನ್ನು ಕೊಂಚ ಸಡಿಲಿಸಬೇಕು. ಇದನ್ನೇ ಅವನಿಗೆ ಮತ್ತೆ ಬರೆದೆ. ಕಾರಣ ಹುಡುಕದೆ “ಸಹಿಸಿಕೋ” ಎಂದು ತರಗತಿಯಲ್ಲಿ ಇನ್ನೆಷ್ಟು ಮಕ್ಕಳಿಗೆ ಹೇಳಿದ್ದೆನೋ! ಅವರೆಲ್ಲರೂ ಈ ಮೇಷ್ಟರನ್ನು ಕ್ಷಮಿಸಲಿ.