ಸುಫ್ಫಾದಿಂದ ಸೋಫಾದವರೆಗೆ



ನಮ್ಮ ಕ್ಯಾಸಂಬಳ್ಳಿ, ಬಂಗಾರಪೇಟೆ, ಕೆ.ಜಿ.ಎಫ್. ಕಡೆ ಮದುವೆ ನಿಶ್ಚಯವಾದೊಡನೆ ಮನೆಯ ಹಿರಿಯರು ಒಂದು ಪಟ್ಟಿ ಬರೆಯಲು ಕೂರುತ್ತಾರೆ. ಚಿನ್ನದ ನಂತರ ಆ ಪಟ್ಟಿಯಲ್ಲಿ ಬರುವುದು ಸೋಫಾ ಸೆಟ್, ದಿವಾನ್ ಕಾಟ್, ಮಂಚ, ಹಾಸಿಗೆ. ಅಂಗಡಿಯಲ್ಲಿ ನಾವು ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ, ಒಮ್ಮೆ ಕುಳಿತು ಎದ್ದು ಒಪ್ಪಿಕೊಳ್ಳುತ್ತೇವೆ. ಆದರೆ ಈ ವಸ್ತುಗಳ ಹೆಸರು ಎಲ್ಲಿಂದ ಬಂತು, ಒಳಗೆ ಏನು ತುಂಬಿದೆ, ಅವುಗಳನ್ನು ಮಾಡುತ್ತಿದ್ದವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ? ಯೋಚಿಸಿದರೆ, ಅದು ನಮ್ಮದೇ ಚರಿತ್ರೆಯೆಂದು ನಿಮಗೆ ತಿಳಿಯುತ್ತದೆ.

ಮೊದಲು 'ಸೋಫಾ' ಎಂಬ ಪದವನ್ನೇ ನೋಡಿ. ಇದರ ಮೂಲ ಅರಬ್ಬಿಯ 'ಸುಫ್ಫಾ'. ಕ್ರಿ.ಶ. 622ರಲ್ಲಿ ಪ್ರವಾದಿ(ಸ)ರವರು ಮದೀನಾಕ್ಕೆ ಹಿಜ್ರತ್ ಮಾಡಿದ ಬಳಿಕ ಮಸ್ಜಿದುನ್ನಬವಿ ನಿರ್ಮಾಣವಾಯಿತು. 624ರಲ್ಲಿ ಕಿಬ್ಲಾ ಕಾಬಾದ ಕಡೆಗೆ ಬದಲಾದಾಗ ಹಳೆಯ ಕಿಬ್ಲಾದ ಬದಿ ಮಸೀದಿಯ ಹಿಂಭಾಗವಾಯಿತು. ಅಲ್ಲಿ ಖರ್ಜೂರದ ಗರಿ ಹೊದಿಸಿದ ನೆರಳಿನ ತಾಣವೊಂದು ಇತ್ತು. ಅದೇ ಸುಫ್ಫಾ. ಮನೆಮಾರು ಇಲ್ಲದ ಬಡ ಸಹಾಬಿಗಳು ಅಲ್ಲಿ ಉಳಿದುಕೊಂಡು ದೀನಿನ ಜ್ಞಾನ ಕಲಿತರು. ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಹಝ್ರತ್ ಅಬೂ ಹುರೈರಾ(ರ) ಅವರಲ್ಲಿ ಒಬ್ಬರು. ಆ ಪದ ತುರ್ಕಿ ಭಾಷೆಗೆ ಹೋಗಿ, ಕಂಬಳಿ ದಿಂಬುಗಳನ್ನು ಹಾಸಿದ ಎತ್ತರದ ಜಗಲಿಗೆ ಹೆಸರಾಯಿತು. 17ನೇ ಶತಮಾನದಲ್ಲಿ ಯುರೋಪಿಗೆ ತಲುಪಿ, ಮುಂದೆ ಮೆತ್ತೆಯ ಆಸನಕ್ಕೆ ಹೆಸರಾಗಿ ನಮ್ಮ ಪಡಸಾಲೆಗೆ ಮರಳಿ ಬಂತು. ಒಂದು ಕಾಲದಲ್ಲಿ ವಿದ್ಯಾರ್ಥಿಗಳ ತಾಣವಾಗಿದ್ದ ಹೆಸರು ಇಂದು ಅಂತಸ್ತಿನ ಗುರುತಾಗಿದೆ!

'ದಿವಾನ್' ಪದದ ಕಥೆಯೂ ಹಾಗೆಯೇ. ಅದು ಪಾರಸಿ ಮೂಲದ್ದು. ಮೊದಲು ಅದರ ಅರ್ಥ ದಫ್ತರು, ಅಂದರೆ ಲೆಕ್ಕದ ಪುಸ್ತಕ. ಸೈನಿಕರ ಮತ್ತು ಭತ್ಯೆ ಪಡೆಯುವವರ ಹೆಸರುಗಳನ್ನು ಬರೆದಿಡಲು ಹಝ್ರತ್ ಉಮರ್(ರ) ದಿವಾನ್ ಏರ್ಪಡಿಸಿದರು. ಬಳಿಕ ಕಚೇರಿಗೆ, ಆಡಳಿತ ಸಭೆಗೆ ಅದೇ ಹೆಸರು ಬಂತು. ಮೈಸೂರಿನ ದಿವಾನ್ ಪೂರ್ಣಯ್ಯ, ದಿವಾನ್ ರಂಗಾಚಾರ್ಲು ಎನ್ನುವಾಗ ನಾವು ಬಳಸುವುದೂ ಇದೇ ಪದ. ಸಭೆಯವರು ಗೋಡೆಯ ಉದ್ದಕ್ಕೂ ಕೂರುತ್ತಿದ್ದ ಮೆತ್ತೆಯ ಆಸನವೇ ಕೊನೆಗೆ 'ದಿವಾನ್' ಎನಿಸಿತು. ಹಾಸಿಗೆಗೆ ಇಂಗ್ಲಿಷಿನವರು ಹೇಳುವ 'ಮ್ಯಾಟ್ರೆಸ್' ಕೂಡ ಅರಬ್ಬಿಯ 'ಮತ್ರಹ್' ಎಂಬುದರಿಂದ ಬಂದದ್ದು. ನೆಲದ ಮೇಲೆ ಹಾಸಿ ಹಾಕುವ ಜಾಗ ಎಂದು ಅದರ ಅರ್ಥ.

ಇನ್ನು ನಮ್ಮ ನಾಡಿಗೆ ಬರೋಣ. ಕರ್ನಾಟಕದಲ್ಲಿ ಹತ್ತಿ ಹಿಂಜಿ ಹಾಸಿಗೆ, ದಿಂಬು, ರಜಾಯಿ ಮಾಡಿಕೊಡುತ್ತಿದ್ದವರು ಪಿಂಜಾರರು. ಅವರನ್ನು ನದಾಫರೆಂದೂ ಕರೆಯುತ್ತಾರೆ. ಅರಬ್ಬಿಯಲ್ಲಿ 'ನದ್ದಾಫ್' ಎಂದರೆ ಹತ್ತಿ ಹಿಂಜುವವನು. ನಮ್ಮ ನೆರೆಯ ಆಂಧ್ರದಲ್ಲಿ ಇದೇ ಕಸುಬಿನವರು ದೂದೇಕುಲದವರು. ತೆಲುಗಿನಲ್ಲಿ 'ದೂದಿ' ಎಂದರೆ ಹತ್ತಿ. ಬಿಲ್ಲಿನಂಥ ಸಲಕರಣೆಯ ತಂತಿಯನ್ನು ಮೀಟಿ, ಗಂಟು ಕಟ್ಟಿದ ಹತ್ತಿಯನ್ನು ಮೋಡದಂತೆ ಅರಳಿಸುವ ಅವರ 'ಟಂಯ್ ಟಂಯ್' ಸದ್ದು ಕೇಳಿದ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಹತ್ತಿಯ ಹಾಸಿಗೆ ಚಪ್ಪಟೆಯಾದರೆ ಎಸೆಯುತ್ತಿರಲಿಲ್ಲ. ಅದೇ ಹತ್ತಿಯನ್ನು ಬಿಚ್ಚಿ, ಬಿಸಿಲಿಗೆ ಹಾಕಿ, ಮತ್ತೆ ಹಿಂಜಿ ಹೊಸದು ಮಾಡುತ್ತಿದ್ದರು. ಈ ಸಮುದಾಯ ಇಂದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ರಲ್ಲಿದೆ. ನಮ್ಮ ಬೆನ್ನಿಗೆ ಮೆತ್ತೆ ಕೊಟ್ಟವರಿಗೆ ಕಾಲ ಅಷ್ಟು ಮೆತ್ತಗಿರಲಿಲ್ಲ.

ಯಂತ್ರದ ಮೆತ್ತೆ ಬಂದದ್ದು ಯುರೋಪಿನಿಂದ. 1822ರಲ್ಲಿ ವಿಯೆನ್ನಾದ ಗಿಯೋರ್ಗ್ ಯೂನಿಗ್ಲ್ ಎಂಬಾತ ಕಬ್ಬಿಣದ ಸ್ಪ್ರಿಂಗ್ ಬಳಸಿದ ಮೆತ್ತೆಗೆ ಹಕ್ಕುಪತ್ರ ಪಡೆದ. 1937ರಲ್ಲಿ ಜರ್ಮನಿಯ ಓಟೋ ಬೇಯರ್ ಪಾಲಿಯುರೆಥೇನ್ ಕಂಡುಹಿಡಿದ. 1950ರ ದಶಕದಿಂದ ಅದರ ಮೆದು ಫೋಮ್ ಲೋಕವೆಲ್ಲ ಹರಡಿತು. ಇಂದಿನ ಸೋಫಾದೊಳಗೆ ಹೆಚ್ಚಾಗಿ ಇರುವುದು ಅದೇ.

ನಮ್ಮ ಚಿನ್ನದ ಗಣಿಯ ಊರಿನಲ್ಲಿ ಎರಡು ಬಗೆಯ ಜೀವನ ಅಕ್ಕಪಕ್ಕದಲ್ಲೇ ಇತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಗಣಿ ನಡೆಸತೊಡಗಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಇಂಗ್ಲಿಷ್ ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು. ನೆಲದಾಳಕ್ಕೆ ಇಳಿಯುವ ಕಾರ್ಮಿಕರಿಗೆ 'ಲೈನು'ಗಳ ಪುಟ್ಟ ಕೋಣೆ, ಚಾಪೆ. ಚಿನ್ನ ತೆಗೆದ ಕೈಗಳಿಗೆ ಮೆತ್ತೆಯ ಆಸನ ಸಿಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದೀಚೆಗೆ ನಮ್ಮ ಎಷ್ಟೋ ಮನೆಗಳ ಗಂಡಸರು, ಹೆಣ್ಣುಮಕ್ಕಳು ದುಡಿಮೆಗಾಗಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಅಂಥವರು ಕಂತಿನಲ್ಲಾದರೂ ಒಂದು ಸೋಫಾ ತರಬೇಕೆಂದು ಬಯಸಿದರೆ ಅದನ್ನು ಆಡಂಬರವೆಂದು ನಾನು ಹೇಳಲಾರೆ. ದುಡಿದ ಬೆನ್ನಿಗೆ ಒರಗಲು ಜಾಗ ಬೇಕು. ಆದರೆ ತಿಳಿದು ಕೊಳ್ಳಬೇಕು.

ಹಾಗಾದರೆ ಹೇಗೆ ಆರಿಸಬೇಕು? ಮೊದಲು ಕೋಣೆಯನ್ನೂ ಬಾಗಿಲನ್ನೂ ಅಳೆಯಿರಿ. ಹತ್ತಡಿ ಕೋಣೆಯಲ್ಲಿ ಐದು ಜನರ ಸೋಫಾ ಇಟ್ಟರೆ ಜಾನಮಾಜ್ ಹಾಸಲು ಜಾಗ ಉಳಿಯದು. ಅಂಗಡಿಯಲ್ಲಿ ಒಂದು ಮುಂಗಾಲನ್ನು ಗೇಣಿನಷ್ಟು ಎತ್ತಿ ನೋಡಿ. ಇನ್ನೊಂದು ಮುಂಗಾಲೂ ಜೊತೆಗೆ ಏಳಬೇಕು. ಏಳದೆ ಚೌಕಟ್ಟು ತಿರುಚಿಕೊಂಡರೆ ಅದು ದುರ್ಬಲ. ಒಳಗಿನ ಮರ ಯಾವುದು, ಫೋಮಿನ ಸಾಂದ್ರತೆ ಎಷ್ಟು ಎಂದು ಕೇಳಿ. ಸಾಂದ್ರತೆ ಎಂದರೆ ಒಂದು ಘನಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬುದು. ಕೂರುವ ಭಾಗಕ್ಕೆ 32ಕ್ಕಿಂತ 40 ಹೆಚ್ಚು ಕಾಲ ಬಾಳುತ್ತದೆ. ಮಂಡಿನೋವಿನ ಹಿರಿಯರಿದ್ದರೆ ಆಸನ ತೀರಾ ತಗ್ಗಾಗಿರದೆ ಹದಿನೇಳು ಹದಿನೆಂಟು ಅಂಗುಲ ಎತ್ತರವಿರಲಿ. ಬಿಚ್ಚಿ ತೊಳೆಯಬಹುದಾದ ಹೊದಿಕೆ ನಮ್ಮ ಧೂಳಿನ ಊರಿಗೆ ಒಳ್ಳೆಯದು. ಚೌಕಟ್ಟು ಗಟ್ಟಿಯಾಗಿರುವ ಹಳೆಯ ಸೋಫಾ ಮನೆಯಲ್ಲಿದ್ದರೆ ಹೊಸ ಫೋಮು, ಹೊಸ ಬಟ್ಟೆ ಹಾಕಿಸಿ. ಅದು ಪಿಂಜಾರರು ಕಲಿಸಿದ ಪಾಠ.

ಕೊನೆಗೆ, ನಾನು ಹೇಳಲೇಬೇಕಾದ ಮಾತು. ಶಾಲೆಯ ಕೆಲಸಕ್ಕಾಗಿ ಮನೆಗಳಿಗೆ ಹೋದಾಗ ಒಂದು ಮನೆಯಲ್ಲಿ, ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದ ಸೋಫಾ ಗೋಡೆಗೆ ಒರಗಿ ನಿಂತಿತ್ತು. ಅದು ಅಕ್ಕನ ಜಹೇಜ್‌ಗೆಂದು ಸಾಲದಲ್ಲಿ ತಂದದ್ದು. ತಂಗಿ ಅದರ ಪಕ್ಕ ನೆಲದ ಮೇಲೆ ಕುಳಿತು ಹತ್ತನೆಯ ತರಗತಿಯ ಪಾಠ ಓದುತ್ತಿದ್ದಳು. ಸಾಲ ತೀರುವವರೆಗೆ ಅವಳನ್ನು ಕಾಲೇಜಿಗೆ ಕಳಿಸುವಂತಿಲ್ಲ ಎಂದು ತಂದೆ ತಲೆ ತಗ್ಗಿಸಿ ಹೇಳಿದರು. ಅಂದು ನನಗೆ ಸುಫ್ಫಾದವರು ನೆನಪಾದರು.

ವರದಕ್ಷಿಣೆ ಕೊಡುವುದನ್ನೂ ಪಡೆಯುವುದನ್ನೂ 1961ರ ವರದಕ್ಷಿಣೆ ನಿಷೇಧ ಕಾಯಿದೆ ಅಪರಾಧವೆಂದಿದೆ. ನಮ್ಮ ದೀನಿನಲ್ಲಿ ಮಹ್ರ್ ಕೊಡಬೇಕಾದವನು ವರ. ಪ್ರವಾದಿ(ಸ)ರವರ ಹಾಸಿಗೆ ಖರ್ಜೂರದ ನಾರು ತುಂಬಿದ ಚರ್ಮದ್ದಾಗಿತ್ತು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಹಝ್ರತ್ ಫಾತಿಮಾ(ರ)ರವರ ಮದುವೆಯಲ್ಲಿ ಕೊಟ್ಟದ್ದು ಒಂದು ಹೊದಿಕೆ, ನೀರಿನ ಚರ್ಮದ ಚೀಲ, ಹುಲ್ಲು ತುಂಬಿದ ದಿಂಬು ಎಂದು ಹದೀಸ್‌ನಲ್ಲಿದೆ.

ಆದ್ದರಿಂದ ಓದುಗರೇ, ಸೋಫಾ ಕೊಳ್ಳಿ, ಆದರೆ ನಿಮ್ಮ ದುಡಿಮೆಯಿಂದ ನಿಮ್ಮ ಮನೆಗೆ ಕೊಳ್ಳಿ. ಸೊಸೆಯ ತಂದೆಯಿಂದ ಕೇಳಬೇಡಿ. ಪ್ಲಾಸ್ಟಿಕ್ ಹಾಳೆ ತೆಗೆದು, ಮೊದಲು ಅದರ ಮೇಲೆ ಪುಸ್ತಕ ಹಿಡಿದ ಮಗುವನ್ನು ಕೂರಿಸಿ. ಆಗ ಆ ಆಸನಕ್ಕೆ ಅದರ ಹಳೆಯ ಹೆಸರು ಮರಳಿ ಸಿಗುತ್ತದೆ. ಅಲ್ಲಾಹನು ನಮಗೆಲ್ಲರಿಗೂ ಅದರ ತೌಫೀಕ್ ನೀಡಲಿ. ಆಮೀನ್.