ಗಡಿನಾಡಿನ ಮಗುವಿನ ಓದಿನ ಪಂಚಾಂಗ: ಜೂನ್‌ನಿಂದ ಮಾರ್ಚ್‌ವರೆಗೆ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗೆ ಪುಸ್ತಕ ಸಂಬಂಧಿಯಾದ ದಿನಾಚರಣೆಗಳು ಎರಡು ದಿಕ್ಕುಗಳಿಂದ ಬರುತ್ತವೆ. ಕೆಲವು ಆಯಾ ರಾಜ್ಯದ ಶಿಕ್ಷಣ ಇಲಾಖೆಯ ಸುತ್ತೋಲೆಯೊಡನೆ ಬರುತ್ತವೆ. ಅವುಗಳಿಗೆ ದಿನಾಂಕ, ಪ್ರತಿಜ್ಞೆ, ರಸಪ್ರಶ್ನೆ, ವರದಿ ಎಲ್ಲವೂ ಗೊತ್ತುಪಡಿಸಲ್ಪಟ್ಟಿರುತ್ತವೆ. ಮಿಕ್ಕವು ಕನ್ನಡದ ಹಿರಿಯ ಲೇಖಕರ ಜನ್ಮದಿನ, ಪುಣ್ಯದಿನಗಳು. ಇವುಗಳಿಗೆ ಸುತ್ತೋಲೆ ಇಲ್ಲ. ಅಧ್ಯಾಪಕರೂ ಹೆತ್ತವರೂ ನೆನಪಿಟ್ಟರೆ ಉಂಟು, ಮರೆತರೆ ಇಲ್ಲ. ಮೊದಲಿನವು ನಮ್ಮವಲ್ಲವೆಂದು ದೂರವಿಡುವುದಾಗಲಿ, ಎರಡನೆಯವನ್ನು ಒಂದು ಭಾವಚಿತ್ರ ಮತ್ತು ಒಂದು ಭಾಷಣದಲ್ಲಿ ಮುಗಿಸುವುದಾಗಲಿ ಮಕ್ಕಳಿಗೆ ಏನನ್ನೂ ಕೊಡುವುದಿಲ್ಲ. ಎರಡನ್ನೂ ಕನ್ನಡ ಪುಸ್ತಕವೊಂದು ಮಗುವಿನ ಮನೆ ಸೇರುವ ದಿನಗಳನ್ನಾಗಿ ಮಾಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಆ ದೃಷ್ಟಿಯಿಂದ, ಹೆಚ್ಚಾಗಿ ಕಾಸರಗೋಡಿನ ಶಾಲಾ ವರ್ಷವನ್ನು ಅನುಸರಿಸಿ, ಈ ದಿನಗಳನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ.

ಕೇರಳದಲ್ಲಿ ಓದಿನ ವರ್ಷ ನಿಜವಾಗಿ ಆರಂಭವಾಗುವುದು ಜೂನ್ 19ರ ವಾಚನಾ ದಿನದಂದು. ಅದು ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ನಿಧನ ಹೊಂದಿದ ದಿನ. ಶಾಲಾ ಅಧ್ಯಾಪಕರಾಗಿದ್ದ ಪಣಿಕ್ಕರ್ 1945ರಲ್ಲಿ ತಿರುವಾಂಕೂರಿನ ಚದುರಿದ ಗ್ರಂಥಾಲಯಗಳನ್ನು ಒಂದು ಸಂಘಟನೆಗೆ ಸೇರಿಸಿದರು. ಅದು ಮುಂದೆ ಕೇರಳ ಗ್ರಂಥಶಾಲಾ ಸಂಘವಾಗಿ ಬೆಳೆಯಿತು. ಇಂದು ಈ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ವಾಚನಾಲಯಗಳಿರುವುದಕ್ಕೆ ಆ ದುಡಿಮೆಯೇ ತಳಹದಿ. ಜೂನ್ 19ರಿಂದ ಒಂದು ವಾರ ವಾಚನಾ ವಾರ ನಡೆಯುತ್ತದೆ, ಶಾಲೆಗಳಲ್ಲಿ ವಿದ್ಯಾರಂಗ ಕಲಾ ಸಾಹಿತ್ಯ ವೇದಿಕೆಯ ಉದ್ಘಾಟನೆಯೂ ಸಾಮಾನ್ಯವಾಗಿ ಇದೇ ಹೊತ್ತಿಗೆ ಆಗುತ್ತದೆ.

ಕನ್ನಡ ಮಕ್ಕಳ ತೊಡಕು ಆರಂಭವಾಗುವುದೂ ಇಲ್ಲಿಯೇ. ಶಾಲೆಯ ಹೊರಗಿನಿಂದ ಬರುವ ವಾಚನಾ ರಸಪ್ರಶ್ನೆ ಮಲಯಾಳದಲ್ಲಿದ್ದರೆ, ಪ್ರಶ್ನೆಗಳೆಲ್ಲವೂ ಮಲಯಾಳದ ಲೇಖಕರನ್ನೇ ಕುರಿತವಾಗಿದ್ದರೆ, ವರ್ಷವಿಡೀ ಕನ್ನಡದಲ್ಲಿ ಓದಿದ ಮಗು ಓದಿನ ಹಬ್ಬದಂದೇ ಏನೂ ಓದದವನಂತೆ ಕುಳಿತಿರಬೇಕಾಗುತ್ತದೆ. ಆ ಮಗು ಮನೆಗೆ ಬಂದು ಹೇಳುವ ಮಾತು ಹೆತ್ತವರಿಗೆಲ್ಲ ಪರಿಚಿತ. ಶಾಲೆ ಬದಲಿಸುವ ಯೋಚನೆ ಎಷ್ಟೋ ಮನೆಗಳಲ್ಲಿ ಹುಟ್ಟುವುದು ಇಂತಹ ಸಣ್ಣ ಸಂಗತಿಗಳಿಂದಲೇ. ಇದಕ್ಕೆ ಕೊರಗುವುದಕ್ಕಿಂತ ಒಂದು ಪತ್ರ ಬರೆಯುವುದು ಲೇಸು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ರಾಜ್ಯದ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಕಾರ್ಯಾಲಯ, ಇಲಾಖಾ ಮುಖ್ಯಸ್ಥರು ಮತ್ತು ತಮ್ಮ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸುವ ಮತ್ತು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವನ್ನು ಕೊಟ್ಟಿದೆ. ಶಾಲೆ ತೆರೆದ ಮೊದಲ ವಾರದಲ್ಲಿಯೇ ರಕ್ಷಕ-ಶಿಕ್ಷಕ ಸಂಘವು ಕನ್ನಡದ ಪ್ರಶ್ನೆಪತ್ರಿಕೆಯನ್ನು ಕೋರಿ ಕನ್ನಡದಲ್ಲಿ ಮನವಿ ಕೊಡಲಿ, ಅದರ ಪ್ರತಿಯೊಂದನ್ನು ಇಟ್ಟುಕೊಳ್ಳಲಿ. ಜೂನ್ 18ರಂದು ಬಾಯಿಮಾತಿನಲ್ಲಿ ಕೇಳಿದರೆ ಯಾರೂ ಏನೂ ಮಾಡಲಾರರು.

ಕನ್ನಡದ ಕಡೆಯಿಂದ ನೋಡಿದರೆ ಜೂನ್ ಸಮೃದ್ಧವಾದ ತಿಂಗಳು. ಆರನೆಯ ತಾರೀಕು ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದ ದಿನವೂ ಹೌದು, ತೀರಿಕೊಂಡ ದಿನವೂ ಹೌದು: 1891 ಮತ್ತು 1986. ಎಂಟನೆಯ ತಾರೀಕು ನಮ್ಮವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳ ಜನ್ಮದಿನ. 1915ರಲ್ಲಿ ಹುಟ್ಟಿದ ಕಯ್ಯಾರರು ನೂರು ವರ್ಷ ತುಂಬಿದ ಮೇಲೆ, 2015ರ ಆಗಸ್ಟ್ 9ರಂದು ಅಗಲಿದರು. ಬದಿಯಡ್ಕದ ಬಳಿಯ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಪಾಠ ಹೇಳಿದರು, 1969ರಲ್ಲಿ ರಾಷ್ಟ್ರೀಯ ಅಧ್ಯಾಪಕ ಪ್ರಶಸ್ತಿ ಪಡೆದರು, 1997ರ ಮಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಹೋರಾಟದ ಮುಂಚೂಣಿಯಲ್ಲಿದ್ದ ಅದೇ ಕಯ್ಯಾರರು ಮಲಯಾಳದ ಕುಮಾರನ್ ಆಶಾನ್ ಅವರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಹೋರಾಟ ಬೇರೆ, ನೆರೆಯ ನುಡಿಯ ಮೇಲಣ ಪ್ರೀತಿ ಬೇರೆ ಎಂಬುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ತಿಳಿಯದು.

ಈ ಕಾರಣದಿಂದಲೇ ಜುಲೈ 5ರ ಬಶೀರ್ ದಿನವನ್ನು ಕನ್ನಡ ಶಾಲೆಗಳು ಕಾಟಾಚಾರಕ್ಕೆ ಆಚರಿಸಬಾರದು. ವೈಕಂ ಮುಹಮ್ಮದ್ ಬಶೀರ್ 1994ರಲ್ಲಿ ಆ ದಿನ ತೀರಿಕೊಂಡರು. ಅವರ ಕೃತಿಗಳು ಕನ್ನಡದಲ್ಲಿ ಲಭ್ಯವಿವೆ. ‘ಪಾತುಮ್ಮಳ ಆಡು’ ಕತೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿದರೆ ಏಳನೆಯ ತರಗತಿಯ ಮಕ್ಕಳು ನಗದೆ ಇರುವುದಿಲ್ಲ. ಮಲಯಾಳದಲ್ಲಿ ಭಿತ್ತಿಪತ್ರ ಬರೆಸಿ ಛಾಯಾಚಿತ್ರ ತೆಗೆದು ಕಳುಹಿಸುವುದಕ್ಕಿಂತ ಅದು ಬಶೀರರಿಗೆ ಸಲ್ಲುವ ಹೆಚ್ಚಿನ ಗೌರವ.

ಜುಲೈ ನಡುವಿನಿಂದ ಕೇರಳದ ಮನೆಗಳಲ್ಲಿ ಕರ್ಕಾಟಕ ಮಾಸದ ರಾಮಾಯಣ ಪಾರಾಯಣ ನಡೆಯುತ್ತದೆ. ನಮ್ಮ ಕಡೆ ಅದೇ ಹೊತ್ತು ಆಟಿ ತಿಂಗಳು. ಯಕ್ಷಗಾನದ ಬಯಲಾಟಗಳು ನಿಂತು ತಾಳಮದ್ದಳೆಗಳು ಕೂಡುವ ಕಾಲ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಈ ಮಣ್ಣಿನವೇ. ಪ್ರಸಂಗ ಪುಸ್ತಕವೂ ಪುಸ್ತಕವೇ ಎಂಬುದು ಮಕ್ಕಳ ಮನಸ್ಸಿಗೆ ಬರಬೇಕು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಕನ್ನಡ ಕಂಠಪಾಠವೂ ಸ್ಪರ್ಧಾ ವಿಷಯಗಳಾಗಿರುವುದರಿಂದ ಮಳೆಗಾಲದ ಈ ಓದು ಮುಂದೆ ಬೇರೆ ರೀತಿಯಲ್ಲಿಯೂ ಒದಗುತ್ತದೆ.

ಆಗಸ್ಟ್ 12ರ ಗ್ರಂಥಪಾಲಕರ ದಿನವನ್ನು ನಮ್ಮ ಶಾಲೆಗಳು ಹೆಚ್ಚಾಗಿ ಗಮನಿಸುವುದಿಲ್ಲ. ಅದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಜನ್ಮದಿನ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂಬುದು 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳ ಸಾರದಲ್ಲಿ ಸೇರಿದೆ. ಈ ರಂಗನಾಥನ್ ಅವರು ತಮ್ಮ ಅಧ್ಯಾಪಕ ವೃತ್ತಿಯನ್ನು ಆರಂಭಿಸಿದ್ದು 1917ರಲ್ಲಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಕಾಸರಗೋಡು ಆಗ ಅದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ದಿನ ಭಾಷಣ ಬೇಡ. ಶಾಲೆಯ ಬೀರುವಿನ ಬೀಗ ತೆರೆದು ಮಕ್ಕಳಿಂದಲೇ ಕನ್ನಡ ಪುಸ್ತಕಗಳ ಎಣಿಕೆ ಮಾಡಿಸಿದರೆ ಸಾಕು. ಎಷ್ಟಿವೆ, ಕಳೆದ ವರ್ಷ ಎಷ್ಟು ಹೊರಗೆ ಹೋದವು, ಯಾವುವು ಒಮ್ಮೆಯೂ ಹೋಗಲಿಲ್ಲ ಎಂಬ ಮೂರು ಸಂಖ್ಯೆಗಳನ್ನು ಸೂಚನಾ ಫಲಕದಲ್ಲಿ ಬರೆಯಲಿ. ಆ ಸಂಖ್ಯೆಗಳನ್ನು ನೋಡಿದ ಹೆತ್ತವರು ಮುಂದಿನ ಸಭೆಯಲ್ಲಿ ತಾವಾಗಿ ಪ್ರಶ್ನೆ ಕೇಳುವರು.

ಸೆಪ್ಟೆಂಬರ್ 6 ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳ ಪುಣ್ಯದಿನ. ಅವರು ಹುಟ್ಟಿದ್ದು 1883ರ ಮಾರ್ಚ್ 23ರಂದು ಮಂಗಳೂರಿನಲ್ಲಿ, ಬಾಳಿದ್ದು ಮಂಜೇಶ್ವರದಲ್ಲಿ, ತೀರಿಕೊಂಡದ್ದು 1963ರಲ್ಲಿ. ಮಾರ್ಚ್ 23 ವಾರ್ಷಿಕ ಪರೀಕ್ಷೆಯ ನಡುವೆ ಬರುವುದರಿಂದ ಶಾಲೆಗಳಿಗೆ ಸೆಪ್ಟೆಂಬರ್ ದಿನವೇ ಅನುಕೂಲ. ಓಣಂ ರಜೆ ಅದನ್ನು ನುಂಗಿದ ವರ್ಷ ರಜೆ ಮುಗಿದ ಮೊದಲ ದಿನ ಆಚರಿಸಿದರೆ ಕವಿಗೆ ಕೊರತೆಯಾಗದು. ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆಯುವ ಧೈರ್ಯ ತೋರಿದವರು, ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಕಾವ್ಯವಾಗಿಸಿದವರು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಪದವಿಯಿತ್ತಿತು. ಮಂಜೇಶ್ವರದ ಅವರ ಮನೆಯಿದ್ದ ಆವರಣ ಇಂದು ಅವರದೇ ಕವನ ಸಂಕಲನದ ಹೆಸರಿನಲ್ಲಿ ‘ಗಿಳಿವಿಂಡು’ ಸ್ಮಾರಕವಾಗಿದೆ. ದೂರದ ಪ್ರವಾಸಗಳಿಗೆ ಹಣ ಸೇರಿಸುವ ಶಾಲೆಗಳು ಒಮ್ಮೆ ರೈಲಿನಲ್ಲಿ ಮಂಜೇಶ್ವರಕ್ಕೆ ಹೋಗಿಬರಬಹುದು. ಖರ್ಚು ಅತ್ಯಲ್ಪ.

ಅದೇ ತಿಂಗಳ 14, ಹಿಂದಿ ದಿನವೆಂದು ಎಲ್ಲರಿಗೂ ಗೊತ್ತು. ಕೇರಳದಲ್ಲಿ ಅದು ಗ್ರಂಥಶಾಲಾ ದಿನವೂ ಹೌದು. ನಿಮ್ಮ ಊರಿನ ವಾಚನಾಲಯ ಗ್ರಂಥಶಾಲಾ ಪರಿಷತ್ತಿನ ಅಂಗಸಂಸ್ಥೆಯಾಗಿದ್ದರೆ ಅದಕ್ಕೆ ಪುಸ್ತಕ ಕೊಳ್ಳಲು ಅನುದಾನ ಬರುತ್ತದೆ. ಕನ್ನಡ ಓದುವ ಸದಸ್ಯರಿಲ್ಲದಿದ್ದರೆ ಕನ್ನಡ ಪುಸ್ತಕ ಕೊಳ್ಳಿರೆಂದು ಕೇಳುವವರು ಯಾರು? ಹೆತ್ತವರು ಮೊದಲು ಸದಸ್ಯರಾಗಬೇಕು.

ಕೇರಳದ ಹೊರಗಿನ ಗಡಿಭಾಗಗಳಲ್ಲಿಯೂ ಸರಕಾರಿ ದಿನಗಳುಂಟು, ಅಲ್ಲಿಯೂ ಹೀಗೆಯೇ ದಾರಿ ಹುಡುಕಬಹುದು. ಮಹಾರಾಷ್ಟ್ರದಲ್ಲಿ ಅಬ್ದುಲ್ ಕಲಾಂ ಅವರ ಜನ್ಮದಿನವಾದ ಅಕ್ಟೋಬರ್ 15 ವಾಚನ ಪ್ರೇರಣಾ ದಿನ. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳು ಅಂದು ಕನ್ನಡದ ಓದನ್ನೇ ನಡೆಸಲು ಅಡ್ಡಿಯೇನು? ಸೊಲ್ಲಾಪುರಕ್ಕಂತೂ ಜನವರಿ 31 ಸ್ವಂತ ದಿನ. ಆ ದಿನ ಹುಟ್ಟಿದ ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಅಲ್ಲಿಯ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಆಂಧ್ರದಲ್ಲಿ ಆಗಸ್ಟ್ 29 ತೆಲುಗು ಭಾಷಾ ದಿನ, ಗಿಡುಗು ರಾಮಮೂರ್ತಿಯವರ ಜನ್ಮದಿನ. ವ್ಯವಹಾರಿಕ ತೆಲುಗಿಗಾಗಿ ಹೋರಾಡಿದ ಈ ವಿದ್ವಾಂಸರು ಗುಡ್ಡಗಾಡಿನ ಸವರ ಜನರ ನುಡಿಯನ್ನು ಕಲಿತು, ಅದಕ್ಕೆ ವ್ಯಾಕರಣ, ನಿಘಂಟು ರಚಿಸಿ, ಸವರ ಮಕ್ಕಳಿಗೆ ಅವರ ಮಾತಿನಲ್ಲಿಯೇ ಪಾಠ ಹೇಳುವ ಶಾಲೆಗಳನ್ನು ನಡೆಸಿದರು. ರಾಯದುರ್ಗ, ಆದೋನಿ, ಮಡಕಶಿರಾಗಳ ಕನ್ನಡ ಅಧ್ಯಾಪಕರು ಆ ದಿನದ ಸಭೆಯಲ್ಲಿ ಈ ಸಂಗತಿಯನ್ನು ತೆಲುಗಿನಲ್ಲಿಯೇ ಹೇಳಲಿ. ತಮಿಳುನಾಡಿನ ತಿರುವಳ್ಳುವರ್ ದಿನ ಪೊಂಗಲ್ ರಜೆಯಲ್ಲಿ ಬರುತ್ತದೆ. ತಾಳವಾಡಿ, ಹೊಸೂರಿನ ಮಕ್ಕಳಿಗೆ ಅದರೊಡನೆ ಹೇಳಬೇಕಾದ್ದು 2009ರ ಆಗಸ್ಟ್ ಕತೆ: ಬೆಂಗಳೂರಿನಲ್ಲಿ ವಳ್ಳುವರ್ ಪ್ರತಿಮೆ ಅನಾವರಣಗೊಂಡ ಕೆಲವೇ ದಿನಗಳಲ್ಲಿ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು.

ನವರಾತ್ರಿಯ ಪುಸ್ತಕಪೂಜೆ ಎಲ್ಲ ಗಡಿಗಳಿಗೂ ಸಮಾನ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟಬಾರದೆಂಬ ಪದ್ಧತಿ ಮಕ್ಕಳಿಗೆ ಬಹು ಪ್ರಿಯವಾದುದು! ಮುಟ್ಟಿದ ದಿನ ಪಠ್ಯವಲ್ಲದ ಒಂದು ಪುಸ್ತಕ ಮೊದಲು ಕೈಗೆ ಬರುವಂತೆ ಮನೆಯವರು ನೋಡಿಕೊಳ್ಳಬಹುದು. ಅಕ್ಟೋಬರ್ 10 ಶಿವರಾಮ ಕಾರಂತರ ದಿನ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ರಚಿಸಿದವರು ಬಹುಕಾಲ ನೆಲೆಸಿದ್ದ ಪುತ್ತೂರು ನಮ್ಮ ಗಡಿಗೆ ತಾಗಿಯೇ ಇದೆ.

ನವೆಂಬರ್ 1 ಕುರಿತು ಹೆಚ್ಚು ಹೇಳಬೇಕಾಗಿಲ್ಲ. 1956ರಲ್ಲಿ ಒಂದೇ ದಿನ ಎರಡು ರಾಜ್ಯಗಳು ರೂಪುಗೊಂಡವು, ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಅಂದು ಶಾಲೆಯಲ್ಲಿ ಕೇರಳ ಪಿರವಿಯ ಕಾರ್ಯಕ್ರಮ ಇದ್ದೇ ಇರುತ್ತದೆ, ಆಡಳಿತ ಭಾಷಾ ವಾರವೂ ಅಂದೇ ಆರಂಭವಾಗುತ್ತದೆ. ಸಂಜೆ ಊರಿನ ಸಂಘಗಳು ರಾಜ್ಯೋತ್ಸವ ಆಚರಿಸುತ್ತವೆ. ಮಗು ಎರಡರಲ್ಲಿಯೂ ಭಾಗವಹಿಸಲಿ. ರಾಜ್ಯೋತ್ಸವದ ಬಹುಮಾನಗಳು ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಡಬ್ಬಿಗಳಾಗುವುದು ಮಾತ್ರ ನಿಲ್ಲಲಿ. ನವೆಂಬರ್ 14ರಿಂದ 20 ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಡಿಸೆಂಬರ್ 29, ಕುವೆಂಪು ಜನ್ಮದಿನ, ಕ್ರಿಸ್ಮಸ್ ರಜೆಯಲ್ಲಿ ಬರುವುದರಿಂದ ಮನೆಯ ಪಾಲಿನದು. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇದ್ದರೆ ಮನೆಗೆ ಬೇರೆ ಕಾರ್ಯಕ್ರಮ ಬೇಕಿಲ್ಲ.

ಫೆಬ್ರವರಿಯ ಮೂರು ದಿನಗಳನ್ನು ಒಟ್ಟಾಗಿ ಹಿಡಿಯಬೇಕು. 20 ಸರ್ವಜ್ಞ ಜಯಂತಿ. 21 ಅಂತಾರಾಷ್ಟ್ರೀಯ ಮಾತೃಭಾಷಾ ದಿನ: 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ವಿದ್ಯಾರ್ಥಿಗಳು ಪ್ರಾಣ ತೆತ್ತ ದಿನವನ್ನು 1999ರಲ್ಲಿ ಯುನೆಸ್ಕೊ ಆಯ್ದುಕೊಂಡಿತು. 22 ಪಂಜೆ ಮಂಗೇಶರಾಯರ ಜನ್ಮದಿನ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ ಕನ್ನಡ ಮಕ್ಕಳ ಸಾಹಿತ್ಯಕ್ಕೆ ಅಡಿಗಲ್ಲಿಟ್ಟವರು. ಮಾತೃಭಾಷಾ ದಿನದಂದು ಕೆಲವು ಹೆತ್ತವರು ಸಂಕೋಚಪಡುವುದನ್ನು ನಾವು ಬಲ್ಲೆವು. ನಮ್ಮ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಮರಾಟಿ, ಮಲಯಾಳ. ನಮಗೆ ಕನ್ನಡದ ಹಬ್ಬವೇ ಎನ್ನುತ್ತಾರೆ. ಈ ಲೇಖನದಲ್ಲಿ ಬಂದ ಹೆಸರುಗಳನ್ನು ಮತ್ತೊಮ್ಮೆ ನೋಡಿರಿ. ಗೋವಿಂದ ಪೈ, ಪಂಜೆ ಇವರ ಮನೆಮಾತು ಕೊಂಕಣಿ. ಕಯ್ಯಾರರದು ತುಳು, ಮಾಸ್ತಿಯವರದು ತಮಿಳು, ಬೇಂದ್ರೆಯವರದು ಮರಾಠಿ. ಅಂದು ಮಕ್ಕಳು ತಮ್ಮ ಅಜ್ಜಿಯ ಮಾತಿನಲ್ಲಿ ಒಂದು ಕತೆ ಕೇಳಿ ಅದನ್ನು ಕನ್ನಡದಲ್ಲಿ ಬರೆದು ತರಲಿ. ಮೂವತ್ತು ಮಕ್ಕಳ ತರಗತಿಯಿಂದ ಒಂದು ಕೈಬರಹದ ಪುಸ್ತಕವೇ ಆಗುತ್ತದೆ. ಅದಕ್ಕೆ ಕ್ರಮಸಂಖ್ಯೆ ಕೊಟ್ಟು ಗ್ರಂಥಾಲಯದ ದಾಖಲೆಗೆ ಸೇರಿಸಬೇಕು.

ಜಗತ್ತಿನ ಎರಡು ದೊಡ್ಡ ಪುಸ್ತಕ ದಿನಗಳು, ಏಪ್ರಿಲ್ 2ರ ಅಂತಾರಾಷ್ಟ್ರೀಯ ಮಕ್ಕಳ ಪುಸ್ತಕ ದಿನ ಮತ್ತು ಏಪ್ರಿಲ್ 23ರ ವಿಶ್ವ ಪುಸ್ತಕ ದಿನ, ನಮ್ಮ ಬೇಸಗೆ ರಜೆಯಲ್ಲಿ ಬರುತ್ತವೆ. ಆಗ ಶಾಲೆಯ ಪುಸ್ತಕಗಳು ಬೀರುವಿನೊಳಗಿರುತ್ತವೆ. ಮಾರ್ಚ್ ಕೊನೆಯಲ್ಲಿ ಪುಸ್ತಕಗಳನ್ನೆಲ್ಲ ಹಿಂದಕ್ಕೆ ಪಡೆದು ಲೆಕ್ಕ ಮುಗಿಸುವ ರೂಢಿಯೇ ಇದಕ್ಕೆ ಕಾರಣ. ಕಳೆದುಹೋದ ಪುಸ್ತಕಕ್ಕೆ ತಾವು ಹೊಣೆಯಾಗಬೇಕಾದೀತೆಂಬ ಅಧ್ಯಾಪಕರ ಅಂಜಿಕೆ ಸುಳ್ಳಲ್ಲ. ರಕ್ಷಕ-ಶಿಕ್ಷಕ ಸಂಘವು ಫೆಬ್ರವರಿಯ ಸಭೆಯಲ್ಲಿಯೇ ಆ ಹೊಣೆಯನ್ನು ತಾನು ವಹಿಸಿಕೊಳ್ಳುವುದಾಗಿ ನಿರ್ಣಯ ಬರೆದರೆ, ಪರೀಕ್ಷೆ ಮುಗಿದ ದಿನ ಪ್ರತಿಯೊಂದು ಮಗುವೂ ಎರಡು ಪುಸ್ತಕಗಳನ್ನು ಸಹಿ ಹಾಕಿ ಮನೆಗೆ ಒಯ್ಯಬಹುದು. ಹರಿದು ಬಂದವಕ್ಕೆ ಜೂನ್ ಮೊದಲ ವಾರದಲ್ಲಿ ಅಂಟು, ದಾರ, ರಟ್ಟು ಸಾಕಾಗುತ್ತವೆ.