ರೈಟ್ ಸಹೋದರರಿಗೆ ಬಂದ ‘ಬೇಡ’ಗಳು

ಓಹಾಯೋ ರಾಜ್ಯದ ಡೇಟನ್ ಸುತ್ತಮುತ್ತ ನೆಲೆಸಿದವರು ರೈಟ್ ಸಹೋದರರಿಂದ ತಪ್ಪಿಸಿಕೊಳ್ಳುವಂತಿಲ್ಲ. ವಿಶ್ವವಿದ್ಯಾಲಯಕ್ಕೆ ಅವರ ಹೆಸರು, ವಾಯುಪಡೆಯ ನೆಲೆಗೂ ಅವರ ಹೆಸರು. ಊರಿನಿಂದ ನೆಂಟರು ಬಂದರೆ ನಾವು ಮೊದಲು ತೋರಿಸುವುದು ಅವರ ಸೈಕಲ್ ಅಂಗಡಿ, ಆಮೇಲೆ ಹಫ್‌ಮನ್ ಪ್ರೇರಿ ಎಂಬ ಹುಲ್ಲುಗಾವಲು. ಬಂದವರೆಲ್ಲ ಕೇಳುವುದು 1903ರ ಡಿಸೆಂಬರ್ 17ರಂದು ಕಿಟ್ಟಿ ಹಾಕ್‌ನ ಮರಳಿನ ಮೇಲೆ ಅವರು ಹಾರಿದ 59 ಸೆಕೆಂಡುಗಳ ಬಗ್ಗೆ. ನನಗೆ ಆ 59 ಸೆಕೆಂಡುಗಳಿಗಿಂತ ಅದರ ನಂತರದ ಐದಾರು ವರ್ಷಗಳ ಮೇಲೆ ಮೋಹ ಜಾಸ್ತಿ. ಹಾರಲು ಕಲಿತ ಅಣ್ಣತಮ್ಮಂದಿರು ಆ ಯಂತ್ರವನ್ನು ಮಾರಲು ಹೊರಟ ವರ್ಷಗಳು ಅವು. ಅವರು ಪತ್ರ ಬರೆದರು. ಬೇಡ ಎಂಬ ಉತ್ತರ ಬಂತು.

ಈ ಮೋಹಕ್ಕೆ ಕಾರಣ ನನ್ನ ಹೊಟ್ಟೆಪಾಡು. ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಗಿರಾಕಿಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಮುಖ ನೋಡದವರಿಗೆ, ಹೆಸರು ಕೇಳದವರಿಗೆ ದಿನಕ್ಕೆ ಹತ್ತಾರು ಇಮೇಲ್ ಬರೆಯುತ್ತೇನೆ. ಇದಕ್ಕೆ ಈ ದೇಶದಲ್ಲಿ ಕೋಲ್ಡ್ ಇಮೇಲ್ ಎನ್ನುತ್ತಾರೆ. ಬರುವ ಉತ್ತರಗಳೂ ಹೆಸರಿಗೆ ತಕ್ಕಂತೆ ತಣ್ಣಗಿರುತ್ತವೆ. ನಮ್ಮ ಕಡೆ ಯಾರೂ ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದಿಲ್ಲ. ‘ನೋಡೋಣ’ ಎನ್ನುತ್ತಾರೆ, ‘ಹಬ್ಬ ಕಳೀಲಿ’ ಎನ್ನುತ್ತಾರೆ. ಇಲ್ಲಿಯವರು ಮೊದಲ ಸಾಲಿನಲ್ಲಿ ಧನ್ಯವಾದ ಹೇಳಿ, ಎರಡನೆಯದರಲ್ಲಿ ಬೇಡವೆಂದು, ಮೂರನೆಯದರಲ್ಲಿ ಶುಭ ಕೋರುತ್ತಾರೆ. ಒಮ್ಮೆ ಒಬ್ಬ ಮಹನೀಯರು, ‘ನಾವು ಹೊರದೇಶಕ್ಕೆ ಕೆಲಸ ಕಳಿಸುವುದಿಲ್ಲ’ ಎಂದು ಒಂದೇ ಸಾಲು ಬರೆದರು. ನಮ್ಮ ಕಂಪನಿ ಇರುವುದು ಅವರ ಕಚೇರಿಯಿಂದ ನಲವತ್ತು ಮೈಲಿ ದೂರದಲ್ಲಿ. ಆ ಮಾತು ಇಮೇಲಿನ ಮೊದಲ ಸಾಲಿನಲ್ಲೇ ಇತ್ತು. ಅವರು ಓದಿದ್ದು ಕೆಳಗಿದ್ದ ನನ್ನ ಹೆಸರನ್ನು ಮಾತ್ರ. ಆ ದಿನ ನನಗೆ ರೈಟ್ ಸಹೋದರರಿಗೆ 1905ರಲ್ಲಿ ಬಂದ ಪತ್ರ ನೆನಪಾಯಿತು.

ಆ ಪತ್ರಕ್ಕೆ ಬರುವ ಮೊದಲು ಒಂದು ಮಾತು. ಅಪರಿಚಿತರಿಗೆ ಪತ್ರ ಬರೆಯುವುದರಲ್ಲಿ ಈ ಸಹೋದರರು ಹೊಸಬರೇನಲ್ಲ. 1899ರ ಮೇ 30ರಂದು ವಿಲ್ಬರ್ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಬರೆದ ಪತ್ರವೇ ಅವರ ಇಡೀ ಸಾಹಸದ ಮೊದಲ ಕಾಗದ. ಹಾರಾಟದ ಬಗ್ಗೆ ಇರುವ ಬರಹಗಳನ್ನು ಕಳಿಸಿ ಎಂದು ಕೇಳಿ, ತಾನು ಆಸಕ್ತನೇ ಹೊರತು ತಲೆಕೆಟ್ಟವನಲ್ಲ ಎಂಬ ಅರ್ಥದ ಒಂದು ಮಾತನ್ನೂ ಸೇರಿಸಿದ್ದ. ಕೆಲವೇ ದಿನಗಳಲ್ಲಿ ಕಿರುಹೊತ್ತಿಗೆಗಳೂ ಪುಸ್ತಕಗಳ ಪಟ್ಟಿಯೂ ಬಂದವು. ಮರುವರ್ಷ ಕಿಟ್ಟಿ ಹಾಕ್‌ಗೆ ಬರೆದಾಗ ಬಿಲ್ ಟೇಟ್ ಎಂಬಾತ, ಇಲ್ಲಿ ಗಾಳಿಯಿದೆ, ಬಯಲಿದೆ, ಬನ್ನಿ ಎಂದು ಆದರದಿಂದ ಉತ್ತರಿಸಿದ.

ನಂತರ ‘ಬೇಡ’ಗಳು ಶುರುವಾದವು. 1902ರ ಡಿಸೆಂಬರಿನಲ್ಲಿ ಅವರು ಹತ್ತು ಹನ್ನೆರಡು ಎಂಜಿನ್ ತಯಾರಕರಿಗೆ ಬರೆದರು: ಎಂಟು ಅಶ್ವಶಕ್ತಿ ಬೇಕು, ತೂಕ 180 ಪೌಂಡ್ ಮೀರಬಾರದು, ಅದುರಬಾರದು. ಕೆಲಸಕ್ಕೆ ಬರುವಂಥ ಒಂದು ಉತ್ತರವೂ ಬರಲಿಲ್ಲ. ಇದರಿಂದ ಅವರು ಕೊರಗಿದ ಸುಳಿವಿಲ್ಲ. ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್‌ನನ್ನು ಕೂರಿಸಿಕೊಂಡು, ಕಾಗದದ ಚೂರುಗಳ ಮೇಲೆ ನಕ್ಷೆ ಗೀಚಿ, ಆರು ವಾರಗಳಲ್ಲಿ ತಾವೇ ಎಂಜಿನ್ ಮಾಡಿಕೊಂಡರು. ಅದರ ಶಕ್ತಿ ಹನ್ನೆರಡು ಅಶ್ವಶಕ್ತಿ, ಕೇಳಿದ್ದಕ್ಕಿಂತ ಹೆಚ್ಚು. ಎಂಜಿನ್ ತಯಾರಕರ ‘ಬೇಡ’ ಅವರಿಗೆ ಬರಿಯ ಒಂದು ಮಾಹಿತಿ: ಈ ಸಾಮಾನು ಪೇಟೆಯಲ್ಲಿ ಸಿಗುವುದಿಲ್ಲ, ಅಷ್ಟೇ. ಸ್ವತಃ ಮಾಡಿಕೊಳ್ಳಬಲ್ಲವರನ್ನು ನಿರಾಕರಣೆ ಅಷ್ಟಾಗಿ ಮುಟ್ಟುವುದಿಲ್ಲ. ಕೊಳ್ಳುವವರನ್ನು ಮಾತ್ರ ಯಾವ ಮೆಕ್ಯಾನಿಕ್ಕೂ ಮಾಡಿಕೊಡಲಾರ.

1904ರ ಇಡೀ ಬೇಸಿಗೆ ಅವರು ಹಫ್‌ಮನ್ ಪ್ರೇರಿಯಲ್ಲಿ ಹಾರಿದರು. ಅದು ಊರಿನ ಬ್ಯಾಂಕರ್ ಟೊರೆನ್ಸ್ ಹಫ್‌ಮನ್‌ನ ಹುಲ್ಲುಗಾವಲು. ಆತ ಬಾಡಿಗೆ ಕೇಳಲಿಲ್ಲ. ಹಾರುವ ಮೊದಲು ದನಕುದುರೆಗಳನ್ನು ಆಚೆ ಹೊಡೆದುಬಿಡಿ ಎಂದಷ್ಟೇ ಹೇಳಿದ. ಪಕ್ಕದಲ್ಲೇ ಟ್ರಾಲಿ ಹಾದಿ, ಕಣ್ಣಿದ್ದವರು ನೋಡಬಹುದಿತ್ತು. ಸೆಪ್ಟೆಂಬರ್ 20ರಂದು ವಿಮಾನ ಮೊದಲ ಬಾರಿ ಪೂರ್ತಿ ಒಂದು ಸುತ್ತು ಹೊಡೆದದ್ದನ್ನು ಕಣ್ಣಾರೆ ಕಂಡು ಬರೆದವನು ಏಮಸ್ ರೂಟ್ ಎಂಬ ಜೇನುಸಾಕಣೆಗಾರ. ಅದು ಅಚ್ಚಾದದ್ದು ಅವನದೇ ಜೇನುಕೃಷಿ ಪತ್ರಿಕೆಯಲ್ಲಿ. ದೊಡ್ಡ ದಿನಪತ್ರಿಕೆಗಳಿಗೆ ದಕ್ಕದ ಸುದ್ದಿ ಜೇನುಗೂಡಿನವರಿಗೆ ದಕ್ಕಿತು.

1905ರ ಜನವರಿ 18ರಂದು ಸಹೋದರರು ತಮ್ಮ ಕ್ಷೇತ್ರದ ಸಂಸದ ರಾಬರ್ಟ್ ನೆವಿನ್‌ಗೆ ಬರೆದರು. ಕಳೆದ ವರ್ಷ 105 ಬಾರಿ ಹಾರಿದ್ದೇವೆ. ನೇರವಾಗಿ, ಸುತ್ತು ಹಾಕುತ್ತ, ಗಾಳಿಯಲ್ಲೂ ಹಾರಿದ್ದೇವೆ. ಎರಡು ಸಲ ಐದೈದು ನಿಮಿಷ ಮೇಲಿದ್ದು ತಲಾ ಮೂರು ಮೈಲಿಯಷ್ಟು ಸುತ್ತಿದ್ದೇವೆ. ಯುದ್ಧಕಾಲದಲ್ಲಿ ಬೇಹು ನೋಡಲು, ಸುದ್ದಿ ಒಯ್ಯಲು ಇದು ನೆರವಾದೀತು. ಒಪ್ಪಿದ ಕರಾರಿನಂತೆ ಯಂತ್ರ ಮಾಡಿಕೊಡುತ್ತೇವೆ, ಇಲ್ಲವೇ ನಮ್ಮಲ್ಲಿರುವ ತಿಳಿವಳಿಕೆಯನ್ನು ಮಾರುತ್ತೇವೆ. ಸರ್ಕಾರಕ್ಕೆ ಇದರಲ್ಲಿ ಆಸಕ್ತಿಯಿದೆಯೇ? ಪತ್ರದಲ್ಲಿ ಹಣ ಬೇಡಿದ್ದಿಲ್ಲ. ವ್ಯಾಪಾರದ ಪತ್ರ ಹೀಗಿರಬೇಕು ಎಂದು ನನ್ನ ಕೈಕೆಳಗಿನ ಹುಡುಗರಿಗೆ ತೋರಿಸಬಹುದಾದಷ್ಟು ಚೊಕ್ಕವಾಗಿದೆ ಅದು.

ಪತ್ರ ಯುದ್ಧ ಇಲಾಖೆಯಲ್ಲಿ ತೋಪು ಮದ್ದುಗುಂಡು, ಕೋಟೆಕೊತ್ತಲಗಳನ್ನು ನೋಡಿಕೊಳ್ಳುತ್ತಿದ್ದ ಮಂಡಳಿಯ ಮೇಜಿಗೆ ಇಳಿಯಿತು. ತಿಂಗಳು ಮುಗಿಯುವುದರೊಳಗೆ ಮೇಜರ್ ಜನರಲ್ ಗಿಲೆಸ್ಪಿಯ ಉತ್ತರ ಬಂತು. ಹಾರುಯಂತ್ರ ಮಾಡಲು ನೆರವು ಕೊಡಿ ಎಂದು ಹಲವರು ಕೇಳುತ್ತಿರುವುದರಿಂದ ಮಂಡಳಿ ಇಂಥ ಪ್ರಯೋಗಗಳಿಗೆ ಹಣ ಕೊಡುವುದಿಲ್ಲ. ಯಂತ್ರ ಮೊದಲು ಸರ್ಕಾರಕ್ಕೆ ಖರ್ಚಿಲ್ಲದೆ ಬಳಕೆಯ ಹಂತಕ್ಕೆ ಬರಬೇಕು. ನಿಮ್ಮದು ಇನ್ನೂ ಆ ಹಂತ ಮುಟ್ಟಿಲ್ಲವೆಂದು ಪತ್ರದಿಂದ ತೋರುತ್ತದೆ. ಸಿದ್ಧವಾದ ಮೇಲೆ ಬರೆದರೆ ಸಂತೋಷ.

105 ಹಾರಾಟಗಳ ಲೆಕ್ಕ ಓದಿದವರು ಹೀಗೆ ಬರೆಯಲಾರರು. ನಮ್ಮೂರಿನ ಬಾಗಿಲುಗಳಲ್ಲಿ ಕೇಳಿದ್ದೇವಲ್ಲ, ‘ಮುಂದಿನ ಮನೆಗೆ ಹೋಗಪ್ಪ’ ಎಂಬ ಮಾತು, ಅದರ ಸರ್ಕಾರಿ ರೂಪ ಇದು. ಮಾರಲು ಬಂದವರನ್ನು ಬೇಡಲು ಬಂದವರೆಂದು ತಿಳಿದು ಹೇಳಿದ ‘ಬೇಡ’.

ಮಂಡಳಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಮೇಜಿಗೆ ಸುಟ್ಟ ಗಾಯವಿತ್ತು. ಸ್ಮಿತ್‌ಸೋನಿಯನ್ ಮುಖ್ಯಸ್ಥ ಸ್ಯಾಮ್ಯುಯೆಲ್ ಲ್ಯಾಂಗ್ಲಿಗೆ 1898ರಲ್ಲಿ ವಿಮಾನ ಮಾಡಲು ಇದೇ ಮಂಡಳಿ 50,000 ಡಾಲರ್ ಕೊಟ್ಟಿತ್ತು. 1903ರ ಅಕ್ಟೋಬರಿನಲ್ಲಿ ಒಮ್ಮೆ, ಡಿಸೆಂಬರ್ 8ರಂದು ಇನ್ನೊಮ್ಮೆ ಲ್ಯಾಂಗ್ಲಿಯ ಯಂತ್ರ ಎಲ್ಲರ ಕಣ್ಣೆದುರೇ ಪೊಟೋಮ್ಯಾಕ್ ನದಿಗೆ ಮಗುಚಿತು. ಪತ್ರಿಕೆಗಳೂ ಸಂಸದರೂ ಆಡಿಕೊಂಡು ನಕ್ಕರು. ಎರಡನೆಯ ಸಲ ಮುಳುಗಿದ ಒಂಬತ್ತನೆಯ ದಿನ ಕಿಟ್ಟಿ ಹಾಕ್‌ನಲ್ಲಿ ಹಾರಾಟ ಆಯಿತು ಎಂಬುದು ಇತಿಹಾಸದ ಕುಚೋದ್ಯ. ವಿಜ್ಞಾನಿಯೇ ಮುಳುಗಿಸಿದ ಮೇಲೆ ಸೈಕಲ್ ಅಂಗಡಿಯವರಿಗೆ ಯಾವ ಅಧಿಕಾರಿ ರುಜು ಹಾಕಿಯಾನು? ಆ ‘ಬೇಡ’ ಡೇಟನ್ನಿನ ಕಡೆ ನೋಡಿ ಹೇಳಿದ್ದಲ್ಲ. ಪೊಟೋಮ್ಯಾಕ್ ಕಡೆ ನೋಡಿ ಹೇಳಿದ್ದು.

ಸಹೋದರರು ಅದನ್ನು ಹಾಗೆ ಓದಲಿಲ್ಲ. ಬಾಗಿಲು ಮುಚ್ಚಿತೆಂದುಕೊಂಡರು. ಸ್ವದೇಶಕ್ಕೆ ಮೊದಲ ಅವಕಾಶ ಕೊಟ್ಟಾಯಿತು, ಇನ್ನು ಪರದೇಶಕ್ಕೆ ಮಾರಿದರೆ ಮನಸ್ಸಾಕ್ಷಿ ಕುಟುಕುವುದಿಲ್ಲ ಎಂಬ ಧಾಟಿಯಲ್ಲಿ ವಿಲ್ಬರ್ ಹಿರಿಯ ಗೆಳೆಯ ಆಕ್ಟೇವ್ ಶನ್ಯೂಟ್‌ಗೆ ಬರೆದ. ನನಗೆ ಈ ಜಾಗದಲ್ಲಿ ವಿಲ್ಬರ್ ಮೇಲೆ ಸ್ವಲ್ಪ ಅಸಮಾಧಾನವಿದೆ. ಉತ್ತರದ ಕೊನೆಯ ಸಾಲಿನಲ್ಲಿ ಬಾಗಿಲು ಒಂದು ಬೆರಳಿನಷ್ಟು ತೆರೆದೇ ಇತ್ತು. ‘ಯಂತ್ರ ಸಿದ್ಧವಿದೆ, ನಿಮ್ಮ ಒಬ್ಬ ಅಧಿಕಾರಿಯನ್ನು ಕಳಿಸಿ, ಟ್ರಾಲಿ ನಮ್ಮ ಹೊಲದ ಮುಂದೆಯೇ ನಿಲ್ಲುತ್ತದೆ’ ಎಂದು ಎರಡು ಸಾಲು ಬರೆದಿದ್ದರೆ? ಆದರೆ ಅವರು ಕರಾರಿಗೆ ಮೊದಲು ಯಂತ್ರ ತೋರಿಸಲು ಸಿದ್ಧರಿರಲಿಲ್ಲ. ಪೇಟೆಂಟ್ ಇನ್ನೂ ಕೈಗೆ ಬಂದಿರಲಿಲ್ಲ, ನೋಡಿದವರು ನಕಲು ಮಾಡುತ್ತಾರೆಂಬ ಭಯ. ಆ ಭಯ ಸುಳ್ಳೂ ಅಲ್ಲ.

1905ರ ಅಕ್ಟೋಬರ್ 5ರಂದು ಅವರ ವಿಮಾನ 39 ನಿಮಿಷ ಮೇಲಿದ್ದು 24 ಮೈಲಿ ಸುತ್ತಿತು. ನಾಲ್ಕು ದಿನದ ಮೇಲೆ ಯುದ್ಧ ಸಚಿವರಿಗೆ ಮತ್ತೆ ಪತ್ರ. ಹೆಚ್ಚುಕಡಿಮೆ ಅದೇ ಉತ್ತರ, ಅದೇ ‘ಹಣಕಾಸಿನ ನೆರವು’. ಈ ಸಲ ಸಹೋದರರು ಸರಿಯಾದ ಹೆಜ್ಜೆ ಇಟ್ಟರು. ನಮಗೆ ನೆರವು ಬೇಡ, ನಿಮ್ಮ ಯಂತ್ರಕ್ಕೆ ಯಾವ ಯಾವ ಗುಣವಿರಬೇಕು ಹೇಳಿ, ಅಂಥದ್ದನ್ನೇ ಕೊಡುತ್ತೇವೆ ಎಂದರು. ನನ್ನ ಕಸುಬಿನಲ್ಲಿ ‘ಬೇಡ’ಕ್ಕೆ ಕೊಡಬಹುದಾದ ಅತ್ಯುತ್ತಮ ಮರುತ್ತರ ಇದೇ: ವಾದ ಬಿಟ್ಟು, ನಿಮಗೇನು ಬೇಕು ಎಂದು ಕೇಳುವುದು. ಆದರೂ ಫಲಿಸಲಿಲ್ಲ. ಮನುಷ್ಯನನ್ನು ಹೊತ್ತು ಅಡ್ಡಡ್ಡ ಹಾರಬಲ್ಲ ಯಂತ್ರವೊಂದು ನಿಜವಾಗಿ ಕಾಣಿಸುವ ತನಕ ಯಾವ ಷರತ್ತನ್ನೂ ರೂಪಿಸುವುದಿಲ್ಲ ಎಂದು ಮಂಡಳಿ ಅಕ್ಟೋಬರ್ 24ರಂದು ನಿರ್ಣಯ ಮಾಡಿತು. 39 ನಿಮಿಷದ ಹಾರಾಟವಾಗಿ ಆಗ ಮೂರು ವಾರವೂ ಕಳೆದಿರಲಿಲ್ಲ.

ಅಲ್ಲಿಂದ ಮುಂದೆ ಅವರು ಹಾರಲೇ ಇಲ್ಲ. 1905ರ ಅಕ್ಟೋಬರ್ ನಡುವಿನಿಂದ 1908ರ ಮೇ ತಿಂಗಳವರೆಗೆ, ಎರಡೂವರೆ ವರ್ಷ, ಜಗತ್ತಿನಲ್ಲಿ ಹಾರಬಲ್ಲ ಇಬ್ಬರು ನೆಲದ ಮೇಲೆ ಕೂತು ಪತ್ರ ಬರೆಯುತ್ತಿದ್ದರು. ಬ್ರಿಟಿಷರು ಮೊದಲು ತೋರಿಸಿ ಎಂದರು. ಇವರು ಮೊದಲು ಕರಾರು ಎಂದರು. ಫ್ರೆಂಚರೊಂದಿಗೆ ಹತ್ತು ಲಕ್ಷ ಫ್ರಾಂಕಿನ ಮಾತುಕತೆ ನಡೆದು ಮುರಿಯಿತು. ಅಷ್ಟರಲ್ಲಿ 1906ರ ನವೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ಸಾಂಟೋಸ್-ಡ್ಯುಮೊಂಟ್ ಜನಜಂಗುಳಿಯ ಎದುರು 220 ಮೀಟರ್ ಹಾರಿ ಯುರೋಪಿನ ಕಣ್ಮಣಿಯಾದ. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಅದೇ ವರ್ಷದ ಮೊದಲಲ್ಲಿ ಡೇಟನ್ನಿನ ಹಾರಾಟಗಳನ್ನು ಕಟ್ಟುಕಥೆಯೆಂದು ಅನುಮಾನಿಸಿತ್ತು. ಆಮೇಲೆ ಕಂಡವರಿಗೆಲ್ಲ ಪತ್ರ ಬರೆದು ವಿಚಾರಿಸಿ ಮಾತು ಬದಲಿಸಿತು. ನಂಬದ ಗಿರಾಕಿಗೆ ಮಾರುವವನು ಹತ್ತು ಪತ್ರ ಬರೆಯುವುದಕ್ಕಿಂತ ನೋಡಿದವರ ಒಂದು ಪತ್ರ ಹೆಚ್ಚು ತೂಗುತ್ತದೆ.

ಕೊನೆಗೆ ಬಾಗಿಲು ತೆರೆದದ್ದು ಇನ್ನೊಂದು ಪತ್ರದಿಂದಲ್ಲ, ಮೂರನೆಯವರಿಂದ. ಬಾಸ್ಟನ್ನಿನ ಗಾಡ್‌ಫ್ರೀ ಕ್ಯಾಬಟ್ ಸೆನೆಟರ್ ಲಾಡ್ಜ್‌ಗೆ ಬರೆದ. 1907ರ ವಸಂತದಲ್ಲಿ ಮಾತು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತನಕ ಹೋಗಿ, ಯುದ್ಧ ಸಚಿವ ಟಾಫ್ಟ್ ಮೂಲಕ ಅದೇ ಮಂಡಳಿಗೆ ಇಳಿಯಿತು. ಈಗ ಮಂಡಳಿಯೇ ಡೇಟನ್ನಿಗೆ ಪತ್ರ ಬರೆಯಿತು. ಸಹೋದರರು ಒಂದು ಲಕ್ಷ ಡಾಲರ್ ಎಂದರು; ಮಾತು ಅಲ್ಲೇ ನಿಂತಿತು. ಹಳೆಯ ‘ಬೇಡ’ದ ಕಹಿ ಆ ಬೆಲೆಯಲ್ಲಿ ಸ್ವಲ್ಪ ಸೇರಿತ್ತೆಂದು ನನ್ನ ಗುಮಾನಿ. ಆ ವರ್ಷದ ಕೊನೆಯಲ್ಲಿ ವಿಲ್ಬರ್ ಯುರೋಪಿನಿಂದ ಮರಳಿ ತಾನೇ ವಾಷಿಂಗ್‌ಟನ್ನಿಗೆ ಹೋದ. ಡಿಸೆಂಬರ್ 5ರಂದು ಮಂಡಳಿಯ ಮುಂದೆ ಕೂತು ಮಾತಾಡಿ, 25,000 ಡಾಲರಿಗೆ ಕೊಡುವುದಾಗಿ ಹೇಳಿದ. ಮೂರು ವರ್ಷ ಕಾಗದದಲ್ಲಿ ಆಗದ್ದು ಮುಖಾಮುಖಿ ಕೂತಾಗ ಆಯಿತು. ಎದುರಿಗೆ ಕೂತು ಅಳೆದು ತೂಗಿ ಮಾತಾಡುವವನನ್ನು ತಿರುಕನೆಂದು ತಿಳಿಯುವುದು ಕಷ್ಟ.

ಎರಡು ವರ್ಷದ ಹಿಂದೆ ಷರತ್ತು ರೂಪಿಸುವುದಿಲ್ಲ ಎಂದಿದ್ದ ಸೇನೆ 1907ರ ಡಿಸೆಂಬರ್ 23ರಂದು ಷರತ್ತುಗಳನ್ನು ಅಚ್ಚು ಹಾಕಿಸಿತು: ಇಬ್ಬರನ್ನು ಹೊರಬೇಕು, ಗಂಟೆಗೆ 40 ಮೈಲಿ ವೇಗ, ಒಂದು ಗಂಟೆ ಎಡೆಬಿಡದೆ ಹಾರಬೇಕು. 41 ಟೆಂಡರುಗಳು ಬಂದವು. ಯಂತ್ರ ತಂದು ಒಪ್ಪಿಸಿದವರು ರೈಟ್ ಸಹೋದರರು ಮಾತ್ರ.

ಅದೂ ಸಲೀಸಾಗಿ ಮುಗಿಯಲಿಲ್ಲ. 1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮಯರ್‌ನಲ್ಲಿ ಪರೀಕ್ಷೆಯ ವೇಳೆ ವಿಮಾನ ಬಿದ್ದು ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ಸತ್ತ. ಆರ್ವಿಲ್ ತೊಡೆ, ಪಕ್ಕೆಲುಬು ಮುರಿದುಕೊಂಡು ಆಸ್ಪತ್ರೆ ಸೇರಿದ. ಬೇಡ ಎನ್ನಲು ಸೇನೆಗೆ ಈಗ ಮೊದಲೆಂದೂ ಇರದಂಥ ಕಾರಣವಿತ್ತು. ಅದು ಬೇಡ ಎನ್ನಲಿಲ್ಲ, ಗಡುವು ವಿಸ್ತರಿಸಿತು. ಅಷ್ಟು ಹೊತ್ತಿಗೆ ಆ ಅಧಿಕಾರಿಗಳು ಆರ್ವಿಲ್ ಒಂದು ಗಂಟೆಗೂ ಹೆಚ್ಚು ಹೊತ್ತು ಹಾರಿದ್ದನ್ನು ನೆಲದ ಮೇಲೆ ನಿಂತು ನೋಡಿದ್ದರು.

1909ರ ಜುಲೈ 30ರಂದು ಆರ್ವಿಲ್ ಲೆಫ್ಟಿನೆಂಟ್ ಫುಲಾಯ್ಸ್‌ನನ್ನು ಕೂರಿಸಿಕೊಂಡು ಅಲೆಕ್ಸಾಂಡ್ರಿಯಾ ಕಡೆಗೆ ಹಾರಿ ಮರಳಿ ಬಂದ. ವೇಗ ಗಂಟೆಗೆ 42 ಮೈಲಿ ದಾಟಿತು. ಕರಾರಿನ 25,000ದ ಮೇಲೆ ವೇಗಕ್ಕೆಂದು 5,000 ಡಾಲರ್ ಇನಾಮು ಸೇರಿಸಿ ಸೇನೆ ಹಣ ಕೊಟ್ಟಿತು. ಆ ವಿಮಾನ ಎರಡು ವರ್ಷ ದುಡಿದು ನಿವೃತ್ತಿಯಾದ ಮೇಲೆ 1911ರಲ್ಲಿ ಸ್ಮಿತ್‌ಸೋನಿಯನ್‌ಗೆ ಹೋಯಿತು. ವಿಲ್ಬರ್‌ನ ಮೊದಲ ಪತ್ರಕ್ಕೆ ಪುಸ್ತಕದ ಪಟ್ಟಿ ಕಳಿಸಿದ್ದ ಸಂಸ್ಥೆ ಅದು. ವಿಮಾನ ಈಗಲೂ ಅಲ್ಲಿದೆ.